ಕ್ಯಾನಿನ ತಳದ ನೀರು

ಅಥವಾ ಅದು ಹಳದಿ ಬಣ್ಣದ್ದಾಗಿರಲಿಲ್ಲವೇನೋ. ಶಾಲೆಯ ಉಪ್ಪಿಟ್ಟು ಎಂದ ಕೂಡಲೇ ನನಗೆ ಹಳದಿ ಕಾಣುತ್ತದೆ. ನನ್ನ ವಯಸ್ಸಿನ ಯಾರನ್ನು ಕೇಳಿದರೂ ಅವರಿಗೂ ಹಳದಿಯೇ ಕಾಣುತ್ತದೆ. ಅಷ್ಟೂ ಜನಕ್ಕೆ ಒಂದೇ ಬಣ್ಣ ಕಾಣುವುದರಿಂದಲೇ ನನಗೆ ಅನುಮಾನ. ಬೇರೆಯವರು ಹೇಳಿದ್ದನ್ನು ಕೇಳಿ ಕೇಳಿ ನನ್ನ ತಟ್ಟೆಗೂ ಬಣ್ಣ ಹತ್ತಿಕೊಂಡಿರಬಹುದು. ವಾಸನೆ ಮಾತ್ರ ನನ್ನದೇ ಎನ್ನಿಸುತ್ತದೆ: ಗೋಣಿಚೀಲದ ರವೆ, ತಗಡಿನ ಡಬ್ಬದ ಎಣ್ಣೆ, ಹಸಿ ಸೌದೆಯ ಹೊಗೆ.

ಎಪ್ಪತ್ತರ ದಶಕದ ಕೊನೆ. ಬೂದಿಕೋಟೆಯಿಂದ ಬಂಗಾರಪೇಟೆಗೆ ಹೋಗುವ ಬಸ್ಸು ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಒಳಗೆ ಒಂದು ಮೈಲಿ ನಡೆದರೆ ನಮ್ಮೂರು. ಎರಡು ಕೋಣೆ, ಒಂದು ಜಗಲಿಯ ಶಾಲೆ. ಮಧ್ಯಾಹ್ನದ ಉಪ್ಪಿಟ್ಟು ಸರ್ಕಾರದ್ದು, ಬೇಯಿಸುವ ಆಯಮ್ಮ ಊರಿನವರು, ತಟ್ಟೆ ನಮ್ಮದು. ನಾನು ಆರನೇ ತರಗತಿಯಲ್ಲಿದ್ದೆ. ಐದನೆಯದೂ ಇರಬಹುದು. ಓಡುವುದರಲ್ಲಿ ನನ್ನನ್ನು ಮೀರಿಸುವವರು ಶಾಲೆಯಲ್ಲಿ ಇರಲಿಲ್ಲ. ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ, ಆದ್ದರಿಂದ ನಂಬುತ್ತೇನೆ.

ಆ ವರ್ಷ ಹೊಸ ಮೇಷ್ಟ್ರು ಬಂದರು. ಲೆಕ್ಕವನ್ನೂ ಪಾಠ ಮಾಡುತ್ತಿದ್ದರು, ಸಮಾಜವನ್ನೂ ಮಾಡುತ್ತಿದ್ದರು, ಆದರೆ ನಮಗೆ ಅವರು ಡ್ರಿಲ್ ಮೇಷ್ಟ್ರು. ಬಂಗಾರಪೇಟೆಯಲ್ಲಿ ಮೂರು ದಿನದ ತರಬೇತಿಗೆಂದು ಹೋದವರು ಸರ್ಕಾರ ಕೊಟ್ಟ ಸಾಮಾನು ಹೊತ್ತು ಬಂದರು: ಒಂದು ಸೀಟಿ, ಹಗ್ಗಗಳು, ಆಡುವ ರಬ್ಬರ್ ರಿಂಗು, ಜೊತೆಗೆ ಗೋಡೆಗೆ ತೂಗುಹಾಕುವ ಒಂದು ಚಿತ್ರಪಟ. ಪಟದ ಮೇಲೆ ಆರೋಗ್ಯ ಕೊಡುವ ಆಹಾರಗಳು. ಸೇಬು, ದ್ರಾಕ್ಷಿ, ಕ್ಯಾರೆಟ್ಟು, ಮೀನು, ಮೊಟ್ಟೆ. ನಡುವೆ ಒಂದು ಗಾಜಿನ ಲೋಟದ ತುಂಬ ಹಾಲು.

"ಸೇಬು ಬಿಟ್ಬಿಡಿ, ಅದು ನಮ್ಗೂ ಸಿಗಲ್ಲ" ಎಂದರು ಮೇಷ್ಟ್ರು. "ಹಾಲಿಗೇನು ಬರ? ಒಂದೊಂದು ಮನೆ ಮುಂದೂ ಹಸು ಕಟ್ಟಿದೀರಿ."

ಅವರು ಕೋಲಾರ ಪಟ್ಟಣದವರು. ನಮ್ಮೂರಿನ ಪ್ರತಿ ಮನೆಯ ಮುಂದೆ ಹಸು ಇತ್ತು ಎಂಬುದನ್ನು ನೋಡಿದ್ದರು. ಯಾವ ಮನೆಯ ಒಳಗೂ ಹಾಲು ಇರಲಿಲ್ಲ ಎಂಬುದನ್ನು ನೋಡಿರಲಿಲ್ಲ. ಊರಿಗೆ ಡೈರಿ ಬಂದ ಮೇಲೆ ಬೆಳಿಗ್ಗೆ ಕರೆದದ್ದು ಬೆಳಿಗ್ಗೆಯೇ, ಸಂಜೆ ಕರೆದದ್ದು ಸಂಜೆಯೇ ಅಲ್ಲಿಗೆ ಹೋಗುತ್ತಿತ್ತು. ಟೀಗೆಂದು ಒಂದು ಚಿಕ್ಕ ಚೊಂಬಿನಷ್ಟು ಎತ್ತಿಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಅಮ್ಮ ಕ್ಯಾನಿಗೆ ಸುರಿಯುತ್ತಿದ್ದಳು. ಮುಚ್ಚಳ ಹಾಕಿದ ಮೇಲೆ ಅದು ನಮ್ಮ ಹಾಲಲ್ಲ. ಇದರಲ್ಲಿ ಯಾರಿಗೂ ದುಃಖವಿರಲಿಲ್ಲ. ನಮಗೆ ಮುದ್ದೆ ಇತ್ತು, ಅವರೆಕಾಳಿನ ಸಾರು ಇತ್ತು. ಹಾಲು ಕುಡಿಯುವುದು ಕರುವಿನ ಕೆಲಸ, ನಮ್ಮ ಕೆಲಸ ಡೈರಿಗೆ ಹಾಕುವುದು ಎಂದು ತಿಳಿದಿದ್ದೆವು.

ಮೇಷ್ಟ್ರು ಒಂದು ನಿಯಮ ಮಾಡಿದರು. ಮುಂದಿನ ತಿಂಗಳು ಚಿನ್ನದ ಗಣಿಯ ಪಟ್ಟಣದಲ್ಲಿ ತಾಲ್ಲೂಕು ಮಟ್ಟದ ಆಟೋಟ. ಅದಕ್ಕೆ ಹೋಗಬೇಕಾದವರು ಅಲ್ಲಿಯವರೆಗೆ ದಿನಾ ಒಂದು ಲೋಟ ಹಾಲು ಕುಡಿಯಬೇಕು. ಪ್ರಾರ್ಥನೆಯಾದ ಮೇಲೆ ಕುಡಿದವರು ಕೈ ಎತ್ತಬೇಕು, ಜಗಲಿಯ ಗೋಡೆಯ ಮೇಲೆ ಹೆಸರಿನ ಮುಂದೆ ಗೀಟು ಬೀಳುತ್ತದೆ. ಮೊದಲ ದಿನ ಎಲ್ಲರೂ ಕೈ ಎತ್ತಿದೆವು. ಅಷ್ಟು ಕೈ ನೋಡಿ ಮೇಷ್ಟ್ರಿಗೆ ಖುಷಿಯೂ ಆಯಿತು, ಗುಮಾನಿಯೂ ಬಂತು. ಮರುದಿನ ಸಾಲಿನಲ್ಲಿ ಒಬ್ಬೊಬ್ಬರ ಮುಖ ನೋಡುತ್ತ ಬಂದರು. ಒಬ್ಬನ ಮೇಲ್ದುಟಿಯ ಮೇಲೆ ಬೆಳ್ಳನೆಯ ಗೆರೆ.

"ಏನ್ಲಾ ಇದು ಮೀಸೆ?"

"ಆಲು ಸಾ."

ಮೇಷ್ಟ್ರು ಬೆರಳಲ್ಲಿ ಒರೆಸಿ ನೋಡಿದರು. "ಸೀಮೆಸುಣ್ಣ ಕರಿಯೋ ಹಸೂನ ಎಲ್ಲಿಂದ ಹಿಡ್ಕೊಂಡ್ ಬಂದ್ರಪ್ಪಾ ನಿಮ್ಮನೇಲಿ?"

ನಾವೆಲ್ಲ ನಕ್ಕೆವು. ಆದರೆ ಗೀಟುಗಳಿಲ್ಲದೆ ನಾನು ಓಡುವ ಹಾಗಿಲ್ಲ. ಆ ಸಂಜೆ ಅಮ್ಮ ಹಾಲು ಕರೆಯುವಾಗ ಹೋಗಿ ಪಕ್ಕದಲ್ಲಿ ಕುಳಿತೆ.

"ಅಮ್ಮಾ, ದಿನಾ ಒಂದ್ ಲೋಟ ಆಲು ಕೊಡು. ಮೇಷ್ಟ್ರು ಏಳವ್ರೆ."

"ನಿಮ್ ಮೇಷ್ಟ್ರು ಬಂದು ಉಲ್ಲು ಕುಯ್ತಾರಾ ಕೇಳು. ಕುಯ್ಯಂಗಿದ್ರೆ ಎಲ್ಡ್ ಲೋಟ ಕೊಡ್ತೀನಿ."

ಒಳಗಿನಿಂದ ಅವ್ವನ ದನಿ ಬಂತು. ಅವ್ವ ಎಂದರೆ ಅಪ್ಪನ ತಾಯಿ. "ಎಣ್ಮಗೀಗೆ ಓಡಾದ್ಯಾತಕ್ಕೆ? ಓಡಿ ಎಲ್ಲಿಗೋಗ್ಬೇಕು?"

"ಚಿನ್ನದ ಗಣಿಗೆ ಅವ್ವಾ, ಆಟಕ್ಕೆ."

"ನಿಮ್ಮಪ್ಪ ಓಗವ್ನಲ್ಲ ಅಲ್ಗೆ, ಒಬ್ರು ಸಾಲ್ದಾ?"

ಅಪ್ಪ ಅಲ್ಲಿನ ನಂದಿದುರ್ಗ ಎಂಬ ಗಣಿಯಲ್ಲಿ ಭೂಮಿಯ ಒಳಗಿನ ಕೆಲಸದಲ್ಲಿದ್ದ. ವಾರದ ದಿನಗಳಲ್ಲಿ ಗಣಿ ಕೆಲಸಗಾರರ ಲೈನು ಮನೆಯಲ್ಲಿ ಉಳಿದು, ರಜೆಯ ದಿನ ಊರಿಗೆ ಬರುತ್ತಿದ್ದ. ಮನೆಯಲ್ಲಿ ಅವ್ವನ ಮಾತೇ ಕೊನೆಯ ಮಾತು.

ಡೈರಿಗೆ ಕ್ಯಾನು ಒಯ್ಯುವುದು ನನ್ನ ಕೆಲಸ. ಹುಣಸೆಮರದ ತಿರುವಿನಲ್ಲಿ, ಮನೆಯೂ ಕಾಣದ ಡೈರಿಯೂ ಕಾಣದ ಒಂದು ಜಾಗವಿತ್ತು. ಅಲ್ಲಿ ಮುಚ್ಚಳ ತೆಗೆದು, ಅದರಲ್ಲೇ ಒಂದು ಸಲ ಬಗ್ಗಿಸಿಕೊಂಡು ಕುಡಿದೆ. ಬೆಚ್ಚಗಿತ್ತು. ನೊರೆ ಮೂಗಿಗೆ ತಾಗಿತು. ರುಚಿ ಹಿಡಿಸಿತೋ ಇಲ್ಲವೋ ಹೇಳಲಾರೆ. ಗೋಡೆಯ ಮೇಲಿನ ಗೀಟು ಮಾತ್ರ ಹಿಡಿಸಿತು. ಪ್ರಾರ್ಥನೆಯ ಸಾಲಿನಲ್ಲಿ ಸುಳ್ಳಿಲ್ಲದೆ ಕೈ ಎತ್ತುವ ಸುಖ. ಮರುದಿನವೂ ಕುಡಿದೆ. ಅದರ ಮರುದಿನವೂ.

ಮನೆಯಲ್ಲಿ ಡೈರಿಯ ಮೇಲೂ ಹಸುವಿನ ಮೇಲೂ ಗುಮಾನಿ ಬಂತು. "ಕರೆಯೋವಾಗ ಸರಿಯಾಗೇ ಐತೆ, ಡೈರಿನಾಗೆ ಕಮ್ಮಿ ಬರೀತಾವ್ರೆ" ಎಂದು ಅಮ್ಮ, "ಅಸೀಗೆ ಕಣ್ಣಾಗೈತೆ" ಎಂದು ಅವ್ವ. ಅವ್ವ ಮೆಣಸಿನಕಾಯಿ, ಉಪ್ಪು ಹಿಡಿದು ಹಸುವಿಗೆ ದೃಷ್ಟಿ ತೆಗೆದಳು. ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟಿಗೆ ಎಲ್ಲರಿಗಿಂತ ಹೆಚ್ಚು ಕೆಮ್ಮಿದವಳು ನಾನು. "ನೋಡು, ಮಗೀಗೂ ತಾಗೈತೆ" ಎಂದು ಅವ್ವ ನನಗೂ ದೃಷ್ಟಿ ತೆಗೆದಳು.

ಆಟೋಟಕ್ಕೆ ನಾಲ್ಕು ದಿನ ಉಳಿದಿತ್ತು. (ನಾಲ್ಕು ಎಂದು ಯಾಕೆ ಹೇಳುತ್ತಿದ್ದೇನೆ? ಕೆಲವು ದಿನ ಎಂದರೆ ಸಾಕು.) ಆ ಬೆಳಿಗ್ಗೆ ಡೈರಿಯ ಸೆಕ್ರೆಟರಿ ನಮ್ಮ ಹಾಲಿನೊಳಗೆ, ನೀರು ಬೆರೆತಿದೆಯೇ ಎಂದು ನೋಡುವ ಮೀಟರಿನ ಗಾಜಿನ ಕಡ್ಡಿ ಬಿಟ್ಟಾಗ ಅದು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಕೆಳಕ್ಕೆ ಹೋಯಿತು. ಸೆಕ್ರೆಟರಿ ನಮ್ಮೂರಿನವರೇ, ಎಲ್ಲರಿಗೂ ಮಾವ. ಕಡ್ಡಿ ಎತ್ತಿ ಒರೆಸಿ ಮತ್ತೆ ಬಿಟ್ಟರು. ಮತ್ತೆ ಹೋಯಿತು.

"ಈ ವಾರದಾಗೆ ಇದು ಐದನೇ ಕ್ಯಾನು" ಎಂದರು ಅವರು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. "ಊರಿನ ಅಸುಗಳೆಲ್ಲ ಒಟ್ಟಿಗೇ ಓಗಿ ಕೆರೆ ಕುಡ್ಕೊಂಡ್ ಬಂದವಾ?"

ಐದೂ ಕ್ಯಾನುಗಳು ಓಟಕ್ಕೆ ಹೆಸರು ಕೊಟ್ಟವರ ಮನೆಯವು. ಹುಣಸೆಮರದ ತಿರುವು ನನ್ನೊಬ್ಬಳದಾಗಿರಲಿಲ್ಲ ಎಂದು ಆಗ ಗೊತ್ತಾಯಿತು. ಹಾಲು ವಾಪಸ್ಸು ಕಳಿಸಿದರು. ನೀರು ಬಿದ್ದ ಹಾಲು ಸಿಕ್ಕಿದರೆ ಮನೆಯ ದೊಡ್ಡವರು ಖುದ್ದಾಗಿ ಬಂದು, ಎಲ್ಲರ ಮುಂದೆ ಯಾಕೆ ಹೀಗಾಯಿತು ಎಂದು ಹೇಳಬೇಕು. ಆಮೇಲೆಯೇ ಮತ್ತೆ ಹಾಲು ತೆಗೆದುಕೊಳ್ಳುವುದು. ಅದು ನಮ್ಮ ಡೈರಿಯ ಪದ್ಧತಿ.

ತುಂಬಿದ ಕ್ಯಾನು ಮನೆಗೆ ಬಂದದ್ದು ನೋಡಿ ಅವ್ವ ಕುಳಿತಲ್ಲಿಂದ ಏಳಲಿಲ್ಲ. "ಇವ್ಳು ಕುಡುದು ನೀರುಯ್ದಿದ್ರೆ ನಾಳೆಯಿಂದ ಮನೇಲಿರ್ಲಿ. ಓಟಾನೂ ಬ್ಯಾಡ, ಇಸ್ಕೂಲೂ ಬ್ಯಾಡ" ಎಂದಳು. ಅಮ್ಮ ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹೇಳಿರುತ್ತಿದ್ದ ಉತ್ತರವಾದರೂ ಇವತ್ತು ನನ್ನ ಹತ್ತಿರ ಇರುತ್ತಿತ್ತು.

ಸಂಜೆ ಅಮ್ಮ ಸೆರಗು ಬಿಗಿದು ಡೈರಿಗೆ ಹೊರಟಳು. ನಾನು ಹಿಂದೆ. ಅವ್ವ ನನ್ನ ಹಿಂದೆ. ಅಲ್ಲಿ ಡ್ರಿಲ್ ಮೇಷ್ಟ್ರೂ ಇದ್ದರು. ಯಾರೋ ಸುದ್ದಿ ಮುಟ್ಟಿಸಿದ್ದರು. ಕೊರಳಲ್ಲಿ ಸೀಟಿ ಹಾಗೇ ಇತ್ತು.

"ನಿನ್ ಮಗ್ಳು ದಾರಿನಾಗೆ ಕುಡುದು ನೀರುಯ್ದವ್ಳೆ ಕಣಮ್ಮಯ್ಯ. ಎಲ್ಲರ ಮನೇದೂ ಇದೇ ಕತೆ" ಎಂದರು ಸೆಕ್ರೆಟರಿ ಮಾವ.

"ಅವ್ಳಲ್ಲ" ಎಂದಳು ಅಮ್ಮ. "ಕ್ಯಾನು ತೊಳ್ದು ಬಗ್ಗಿಸಾದು ಮರ್ತೋದೆ. ತಳದಾಗೆ ನೀರಿತ್ತು, ಅದ್ರ ಮ್ಯಾಲೇ ಆಲು ಉಯ್ದೆ. ತಪ್ಪು ನಂದು."

"ಅಷ್ಟೊಂದು ನೀರು ಮರ್ತ್ಯಾ? ಅರ್ಧ ಸೇರಾದ್ರೂ ಐತೆ!"

"ಮರ್ವು ಅಂದ್ಮ್ಯಾಲೆ ಸೇರೇನು ಪಾವೇನು ಮಾವ? ಅಳ್ದು ಮರೀಬೇಕಿತ್ತಾ?"

ಸಾಲಿನಲ್ಲಿದ್ದವರು ನಕ್ಕರು. ಸೆಕ್ರೆಟರಿಯವರೂ ಮುಖ ತಿರುಗಿಸಿಕೊಂಡು ನಕ್ಕರು. ಅವ್ವ ಮಾತ್ರ ನಗಲಿಲ್ಲ. ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, "ಸಂಸಾರ ಮಾಡಾಕೆ ಬಂದು ಇಷ್ಟು ವರ್ಸ ಆಯ್ತು, ಕ್ಯಾನು ತೊಳ್ಯಾಕೆ ಬರಾಕಿಲ್ಲ" ಎಂದು ಹೇಳಿ ಮನೆಯ ಕಡೆ ನಡೆದಳು. ಬೈಗುಳ ಅಮ್ಮನ ಪಾಲಾಯಿತು. ಓಟ ನನಗೆ ಉಳಿಯಿತು.

ಮೇಷ್ಟ್ರು ಮರುದಿನ ಗೋಡೆಯ ಗೀಟುಗಳನ್ನು ಒದ್ದೆ ಬಟ್ಟೆಯಲ್ಲಿ ಅಳಿಸಿದರು. ಪಟದ ಕೆಳಗೆ ಇದ್ದಿಲಿನಲ್ಲಿ ರಾಗಿ, ಹುರುಳಿ, ಅವರೆ, ಕಡಲೆಕಾಯಿ, ನುಗ್ಗೆಸೊಪ್ಪು ಎಂದು ಬರೆದರು. ಕೊನೆಗೆ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ, ಮನೆಯಲ್ಲಿ ಕೊಟ್ಟರೆ ಹಾಲು. ನಮ್ಮ ಮನೆಯಲ್ಲಿ ಕೊಟ್ಟರು. ಮಾರನೆಯ ಬೆಳಿಗ್ಗೆಯಿಂದ ಅಮ್ಮ ಕರೆಯುವಾಗಲೇ ಕೊಟ್ಟಿಗೆಯಲ್ಲಿ ಅರ್ಧ ಲೋಟ ನನ್ನ ಕೈಗಿಟ್ಟು, "ಬಿರ್ನೆ ಕುಡಿ, ಅವ್ವ ಎದ್ದವ್ಳೆ" ಎನ್ನುತ್ತಿದ್ದಳು.

ಬಂಗಾರಪೇಟೆಯಿಂದ ರೈಲಿನಲ್ಲಿ ಹೋದೆವು. ಕಿಟಕಿಯಲ್ಲಿ ಗಣಿಯ ಬಿಳಿಯ ಮಣ್ಣಿನ ಗುಡ್ಡಗಳು ಬಂದಾಗ ಯಾರೋ ಅವನ್ನು ಸರ್ಕಾರದ ಹಾಲಿನ ಪುಡಿ ಎಂದರು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ಮೈದಾನದಲ್ಲಿ ಗಣಿಯ ಚಾಂಪಿಯನ್ ರೀಫ್ಸ್ ಕಡೆಯ ಶಾಲೆಯ ಹುಡುಗಿಯರು ಬಿಳಿಯ ಕ್ಯಾನ್‌ವಾಸ್ ಬೂಟು ಹಾಕಿ ಕಾಲು ಝಾಡಿಸುತ್ತಿದ್ದರು. ನಾವು ಬರಿಗಾಲಲ್ಲಿದ್ದೆವು. ಅಪ್ಪ ಪಾಳಿ ಮುಗಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇಬ್ಬರು ತಮಿಳು ಸ್ನೇಹಿತರನ್ನು ಕರೆದುಕೊಂಡು ಬಂದಿದ್ದ. ನಾನು ಓಡುವಾಗ ಅವರು "ಓಡು ಪಾಪಾ, ಓಡು" ಎಂದು ಕೂಗಿದರು. ನನ್ನ ಜೊತೆ ಓಡುತ್ತಿದ್ದ ತಮಿಳು ಹುಡುಗಿಯೂ ಅದನ್ನು ತನಗೇ ಎಂದುಕೊಂಡಳೇನೋ, ಇಬ್ಬರೂ ಜೋರಾದೆವು.

ಎರಡನೆಯವಳಾಗಿ ಬಂದೆ ಎಂದು ಅಪ್ಪ ಹೇಳುತ್ತಿದ್ದ. ನನ್ನ ನೆನಪಿನಲ್ಲಿ ಮೂರನೆಯದು. ಅಂಗೈಗೆ ಗ್ಲೂಕೋಸ್ ಪುಡಿ ಹಾಕಿದರು, ಆಮೇಲೆ ಸರ್ಕಾರದ ಲೆಕ್ಕದಲ್ಲಿ ಒಬ್ಬೊಬ್ಬರಿಗೂ ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು. ಮೊಟ್ಟೆಯನ್ನು ಅವ್ವನಿಗೆಂದು ಲಂಗದ ಮಡಿಲಲ್ಲಿ ಕಟ್ಟಿಕೊಂಡು ತಂದೆ. ಅವಳು ತಿಂದಳು. ತಿಂದು, ಮುಂದಿನ ಆಟ ಯಾವಾಗ ಎಂದು ಕೇಳಿದಳು.

ಇಷ್ಟನ್ನು ಬರೆದ ಮೇಲೂ ನೀರಿನ ಮಾತು ಉಳಿದೇ ಇದೆ. ನನ್ನ ಕಣ್ಣೆದುರು ಒಂದು ಚಿತ್ರ ಬರುತ್ತದೆ: ಹುಡುಗಿಯೊಬ್ಬಳು ದಾರಿಯ ಪಕ್ಕದ ತೊಟ್ಟಿಗೆ ಬಗ್ಗಿ, ಮುಚ್ಚಳದಲ್ಲಿ ನೀರು ಮೊಗೆದು ಕ್ಯಾನಿಗೆ ಸುರಿಯುತ್ತಾಳೆ. ಸ್ಪಷ್ಟವಾಗಿದೆ. ಆದರೆ ನಾನು ಅವಳನ್ನು ಹಿಂದಿನಿಂದ ನೋಡುತ್ತಿದ್ದೇನೆ. ಜಡೆ ಕಾಣುತ್ತದೆ, ಬೆನ್ನು ಕಾಣುತ್ತದೆ. ನನ್ನ ಬೆನ್ನು ನಾನು ನೋಡಿದ್ದು ಹೇಗೆ? ಅದು ನೆನಪಲ್ಲ, ಆಮೇಲೆ ಕಟ್ಟಿಕೊಂಡದ್ದು. ಕಟ್ಟಿಕೊಂಡದ್ದಾದ ಮಾತ್ರಕ್ಕೆ ಸುಳ್ಳೆಂದೂ ಹೇಳುವಂತಿಲ್ಲ. ಇನ್ನೊಂದು ಕಡೆ, ದಿನಾ ಹಾಲು ಕಮ್ಮಿ ಬರುತ್ತಿದೆ ಎಂದು ಚಿಂತೆಯಲ್ಲಿದ್ದವಳು ಅಮ್ಮ. ಅಳತೆ ಸರಿಮಾಡಲು ಅವಳೇ ಒಂದು ಚೊಂಬು ಸೇರಿಸಿರಬಹುದು. ಹಾಗಾಗಿದ್ದರೆ ಡೈರಿಯಲ್ಲಿ ಅವಳು ಹೇಳಿದ್ದು ಮುಕ್ಕಾಲು ನಿಜ. ಇಲ್ಲದಿದ್ದರೆ ಪೂರ್ತಿ ನನಗಾಗಿ ಹೇಳಿದ ಸುಳ್ಳು.

ತೊಂಬತ್ತರ ದಶಕದಲ್ಲಿ ಒಮ್ಮೆ, ಅವಳು ನಮ್ಮ ಮನೆಯಲ್ಲಿ ಟೀ ಸೋಸುತ್ತಿದ್ದಾಗ, ಕೇಳಿಯೇಬಿಟ್ಟೆ.

"ಅಮ್ಮಾ, ಅವತ್ತು ನೀರು ಉಯ್ದಿದ್ದು ನೀನಾ?"

"ನಾನೇ ಅಂದ್ನಲ್ಲ ಅವತ್ತೇ."

"ನಿಜವಾಗ್ಲೂ?"

"ಡೈರಿ ಮುಂದ್ಗಡೆ ನಿಂತ್ಕೊಂಡು ಯಾರಾನಾ ಸುಳ್ಳೇಳ್ತಾರೇನೇ?" ಎಂದು ನಕ್ಕಳು. ಟೀ ಕೊಟ್ಟಳು. ನನ್ನ ಲೋಟದಲ್ಲಿ ಹಾಲು ಹೆಚ್ಚಾಗಿತ್ತು.

ದಾರಿಯಲ್ಲಿ ಹಾಲು ಕುಡಿದವಳು ನಾನು. ಅದು ಖಂಡಿತ. ನೀರು ಹಾಕಿದವರು ಯಾರು ಎಂದು ನನಗೆ ಗೊತ್ತಿಲ್ಲ.