ಚಳಿಗೆ ಸಾಕ್ಷಿ

ವಿಲಾಯತಿನ ಹೇಸ್‌ ಊರಿನ ಸಾಲುಮನೆಯೊಂದರಲ್ಲಿ ಬಾಡಿಗೆಗಿರುವ ಗುಲಾಬಿಗೆ ಒಂದೇ ದೌರ್ಬಲ್ಯ: ಮನೆಗೆ ಬಂದವರನ್ನು ಉಪಚಾರ ಮಾಡದೆ ಕಳಿಸಲಾರಳು. ಕುಂದಾಪುರ ಬಿಟ್ಟು ಹನ್ನೊಂದು ವರ್ಷವಾದರೂ ಆ ಚಾಳಿ ಹೋಗಿಲ್ಲ. ಮೀಟರ್ ನೋಡಲು ಬಂದವನಿಗೂ ನೀರುದೋಸೆ ತಿನ್ನಿಸಿ ಕಳಿಸಿದ ಪುಣ್ಯಾತ್ಗಿತ್ತಿ ಅವಳು.

ಹೋದ ಚಳಿಗಾಲದಲ್ಲಿ ಈ ಗುಣವೇ ಅವಳಿಗೆ ಮುಳುವಾಯಿತು. ಗಂಡ ಐತಪ್ಪ ಸೌತ್‌ಹಾಲ್‌ನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಾನೆ, ಇವಳು ಗೋದಾಮಿನಲ್ಲಿ ಪೊಟ್ಟಣ ಕಟ್ಟುತ್ತಾಳೆ. ಬಾಡಿಗೆ ಕೊಟ್ಟ ಮೇಲೆ ಹೀಟರಿನ ಗ್ಯಾಸ್ ಮೀಟರಿಗೆ ಮುಂಗಡ ದುಡ್ಡು ತುಂಬಿಸಲು ಉಳಿಯುವುದು ಅಷ್ಟಕ್ಕಷ್ಟೆ. ಹಾಗಾಗಿ ಹೀಟರ್ ಸಂಜೆ ಒಂದು ತಾಸು ಮಾತ್ರ. ಎಂಟು ವರ್ಷದ ಮಗಳು ಮಾನ್ಯಾಳ ಕೋಣೆಯ ಗೋಡೆಗೆ ಕಪ್ಪು ಬೂಷ್ಟು, ಮಗುವಿಗೆ ಬಿಡದ ಕೆಮ್ಮು. ಜಿಪಿ ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟು, ಕೋಣೆ ಬೆಚ್ಚಗಿಡಿ ಎಂದರು. ಹೇಳುವುದಕ್ಕೇನು! ಆದರೆ ಬಡ ಕುಟುಂಬಗಳ ಹೀಟಿಂಗ್ ಬಿಲ್ಲಿಗೆ ನೆರವು ಕೊಡುವ ಸಂಸ್ಥೆಯ ವಿಳಾಸ ಕೊಟ್ಟವರೂ ಅವರೇ. ಗುಲಾಬಿ ಅರ್ಜಿ ಹಾಕಿದಳು. ಮನೆ ನೋಡಲು ಬರುತ್ತೇವೆಂದು ಪತ್ರ ಬಂತು.

ಆ ದಿನ ಅವಳು ಐದಕ್ಕೇ ಎದ್ದು ಬ್ಲೀಚ್ ಹಾಕಿ ಗೋಡೆ ಉಜ್ಜಿದಳು. ಹೋಗದ ಕಲೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿದಳು. ವಾರಕ್ಕೆಂದು ತುಂಬಿಸಿದ್ದ ಗ್ಯಾಸನ್ನೆಲ್ಲ ಉರಿಸಿ ಮನೆ ಬೆಚ್ಚಗೆ ಮಾಡಿಟ್ಟಳು. ಬಂದ ಹೆಂಗಸು ಕೋಟು ತೆಗೆದಿಟ್ಟು, ಗೋಳಿಬಜೆ ತಿಂದು, ಎಷ್ಟು ಬೆಚ್ಚಗಿನ ಮನೆ ಎಂದು ಹೊಗಳಿ, ಅದನ್ನೇ ಬರೆದುಕೊಂಡು ಹೋದಳು. ಆ ವಾರವಿಡೀ ಮಾನ್ಯಾ ಜಾಕೆಟ್ ಹಾಕಿಕೊಂಡೇ ಮಲಗಿದಳು. ಹದಿನೈದು ದಿನಕ್ಕೆ ಉತ್ತರ ಬಂತು: ಈ ಮನೆಗೆ ನೆರವಿನ ಅಗತ್ಯವಿಲ್ಲ.

ಗುಲಾಬಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು ಬಂತು. ಮರುದಿನದಿಂದ ಊಟದ ಬಿಡುವಿನಲ್ಲೆಲ್ಲ ಸಂಸ್ಥೆಗೆ ಫೋನ್ ಹಚ್ಚಿ ಕೂತಳು. ಕಾಯಿಸುವಾಗ ಆ ಕಡೆ ಹಾಕುವ ಸಂಗೀತ ಬಾಯಿಪಾಠವಾಯಿತು, ಆದರೂ ಬಿಡಲಿಲ್ಲ. ಒಂಬತ್ತನೆಯ ದಿನ, ಇನ್ನೊಮ್ಮೆ ಬರುತ್ತೇವೆ ಎಂದರು.

ಈ ಸಲ ಅವಳು ಹೀಟರಿನ ತಂಟೆಗೇ ಹೋಗಲಿಲ್ಲ. ಐತಪ್ಪ ಚಡಪಡಿಸಿದ.

"ಹೀಟರ್ ಹಾಕ್ ಮಾರಾಯ್ತಿ. ಬಂದವ್ರ್ ಎಂತ ಎಣಿಸ್ಕಂತ್ರ್?"

"ಎಣಿಸ್ಕಂಬ್ಲಿ. ನಮ್ ಚಳಿ ಕಾಂಬುಕೇ ಅಲ್ದಾ ಅವ್ರ್ ಬಪ್ಪುದ್? ಸಮಾ ಕಾಣ್ಲಿ."

ಬಂದವಳು ಅದೇ ಹೆಂಗಸು. ಒಳಗೆ ಕಾಲಿಟ್ಟವಳೇ ಅಭ್ಯಾಸಬಲದಿಂದ ಕೋಟಿನ ಗುಂಡಿಗೆ ಕೈ ಹಾಕಿದಳು.

"ಪ್ಲೀಸ್, ಕೋಟು ತೆಗೀಬೇಡಿ," ಎಂದು ಗುಲಾಬಿ ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ಆ ಮಾತಿಗೆ ಅವಳದೇ ಮುಖ ಕೆಂಪಾಯಿತು. ಜನ್ಮದಲ್ಲಿ ಯಾರಿಗೂ ಹಾಗೆ ಹೇಳಿದವಳಲ್ಲ. ಸೀದಾ ಮಗಳ ಕೋಣೆಗೆ ಕರೆದೊಯ್ದು, ಕ್ಯಾಲೆಂಡರನ್ನು ತಾನೇ ಕಿತ್ತು ತೆಗೆದಳು. ಹೆಂಗಸು ತಾನು ತಂದ ಥರ್ಮಾಮೀಟರಿನಲ್ಲಿ ಕೋಣೆಯ ಬಿಸಿ ನೋಡಿದಳು. ಹನ್ನೊಂದು ಡಿಗ್ರಿ.

"ಹೋದ ಸಲ ಹೀಗಿರಲಿಲ್ಲವಲ್ಲ?"

"ಹೋದ ಸಲ ನಿಮ್ಮನ್ನ ನೆಂಟರು ಅಂದ್ಕೊಂಡಿದ್ದೆ. ನಾವಿರೋದು ಹೀಗೆ."

ಮಾನ್ಯಾ ಮಂಚದ ಮೇಲಿಂದ ಕೆಮ್ಮಿದಳು. ಹೆಂಗಸು ಗೋಡೆಯ ಫೋಟೊ ಹೊಡೆದು, ಹಾಸಿಗೆಯ ಅಂಚಿನಲ್ಲಿ ಕೂತು ಬರೆಯತೊಡಗಿದಳು. ಇದೇ ವಾರದಿಂದ ನೆರವು ಸಿಗುತ್ತದೆ ಎಂದಳು. ಅವಳ ಬೆರಳು ಚಳಿಗೆ ಮರಗಟ್ಟಿ ಎರಡು ಸಲ ಪೆನ್ನು ಜಾರಿತು. ಬಿಸಿ ಕಾಫಿ ತರೋಣವೆಂದು ಗುಲಾಬಿಯ ಜೀವ ಚಡಪಡಿಸಿತು.

ಆದರೂ ಹೆಂಗಸಿನ ಸಹಿ ಬೀಳುವವರೆಗೆ ಅವಳು ಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ.