ದೇವಕಮ್ಮ ಬೇಡವೆಂದ ತಾರೀಖು

ಸುರಪುರದ ಕೋರ್ಟಿನಲ್ಲಿ ಕೇಸು ಮುಂದೂಡಲು ತಾರೀಖು ಕೇಳುವುದು ಚಹಾ ಕೇಳಿದಷ್ಟು ಸಲೀಸು. ವಕೀಲರು ಕೇಳುತ್ತಾರೆ, ಸಾಹೇಬರು ಕೊಡುತ್ತಾರೆ, ಕಕ್ಷಿದಾರ ಪಿಟ್ಟೆನ್ನದೆ ಬಸ್ಸು ಹತ್ತುತ್ತಾನೆ. ವಕೀಲೆ ದೇವಕಮ್ಮ ಮಾತ್ರ ಈ ವಿದ್ಯೆ ಕಲಿಯಲಿಲ್ಲ. ಹೀಗಾಗಿ ಅವಳಿಗೆ ಕಕ್ಷಿದಾರರು ಬಹಳ, ಸ್ನೇಹಿತರು ಕಡಿಮೆ.

ಅವಳಿಗೆ ಲಂಡನ್ನಿನಲ್ಲೊಂದು ವರ್ಷ, ಪ್ಯಾರಿಸ್ಸಿನಲ್ಲೊಂದು ವರ್ಷ ಓದಿ ಎರಡು ಕಾನೂನು ಪದವಿ ಪಡೆಯುವ ಸೀಟು ಸಿಕ್ಕಿತ್ತು. ಯಾಕೆ ಓದುತ್ತೀರಿ ಎಂದು ಅರ್ಜಿಯಲ್ಲಿ ಕೇಳಿದ್ದಕ್ಕೆ, ಕಾಲುವೆಯ ಕೊನೆಯಲ್ಲಿರುವ ತನ್ನೂರಿನ ಪಾಡನ್ನೇ ಬರೆದಿದ್ದಳು. ಖರ್ಚಿಗೆ ಸರ್ಕಾರದ ವಿದ್ಯಾರ್ಥಿವೇತನವೇ ಗತಿ. ಅದಕ್ಕೆ ಆದಾಯ ಕಡಿಮೆಯೆಂಬ ಪ್ರಮಾಣಪತ್ರ ಬೇಕು. ತೊಡಕಿದ್ದದ್ದು ಅಲ್ಲೇ. ಕಾಲುವೆ ತೋಡಿದ ಹೊಸದರಲ್ಲಿ ಅವಳ ಅಪ್ಪ ಅಂಬ್ರಪ್ಪ ಹುರುಪಿನಿಂದ ಕಚೇರಿಗೆ ಅಲೆದು, ತನ್ನ ಹೊಲದ ಪಹಣಿಯಲ್ಲಿ 'ಕಾಲುವೆ ನೀರಾವರಿ' ಎಂದು ಬರೆಸಿಕೊಂಡಿದ್ದ. ನೀರೋ, ಮೇಲಿನವರ ಭತ್ತದ ಗದ್ದೆ ದಾಟಿ ಒಂದು ದಿನವೂ ಬರಲಿಲ್ಲ. ಆದರೂ ಅಂಬ್ರಪ್ಪ ಬೀಗರ ಮುಂದೆ "ನಮ್ದು ನೀರಾವರಿ ಭೂಮಿ ಅದರಿ" ಎಂದು ಮೀಸೆ ತಿರುವುತ್ತಿದ್ದ. ಈಗ ಕಾಗದದ ಮೇಲೆ ಅವರು ಸಾಹುಕಾರರು.

ಗ್ರಾಮ ಲೆಕ್ಕಿಗ ಒಳ್ಳೆಯ ಮನುಷ್ಯ. "ಬರೋ ತಿಂಗಳ ಬಂದು ಹೊಲ ನೋಡ್ತೀನ್ರಿ. ಒಣಗಿದ್ರ ಒಣಭೂಮಿ ಅಂತ ಬರೀತೀನಿ," ಎಂದ.

ಅಷ್ಟರಲ್ಲಿ ಕಾಲುವೆ ಕೊನೆಯ ರೈತರು ನೀರಿಗಾಗಿ ಹೂಡಿದ್ದ ದಾವೆ ವಿಚಾರಣೆಗೆ ಬಂತು. ಅವರ ವಕೀಲೆ ದೇವಕಮ್ಮ. ದಾವೆದಾರರಲ್ಲಿ ಅಂಬ್ರಪ್ಪನೂ ಒಬ್ಬ. ಗೆದ್ದರೆ ಹೊಲಕ್ಕೆ ನೀರು ಬರುತ್ತದೆ, ವಿದ್ಯಾರ್ಥಿವೇತನ ಹೋಗುತ್ತದೆ.

"ಲೆಕ್ಕಿಗ ಬಂದು ಹೊಲ ನೋಡಿ ಹೋಗೋತನಕ ಒಂದ್ ತಾರೀಖು ತಗೊಳವ್ವಾ," ಎಂದರು ಹಿರಿಯ ವಕೀಲ ಲಾಡ್ಲೇಸಾಬರು. "ಎಲ್ಲಾರೂ ತಗೋತಾರ. ಇದ್ರಾಗ ಏನ್ ಗುನ್ಹೆ ಅದ?"

ಗುನ್ಹೆ ಇರಲಿಲ್ಲ. ಓದುವ ಆಸೆಯಂತೂ ಬೆಟ್ಟದಷ್ಟಿತ್ತು. ಆದರೆ ಊರವರ ಹತ್ತಿ ಕಾಯಿಗಟ್ಟುವ ಹೊತ್ತದು. ಈಗ ನೀರು ತಪ್ಪಿದರೆ ಬೆಳೆ ಹೋದಂತೆಯೇ.

ಆ ದಿನ ಎದುರು ಪಕ್ಷದ ವಕೀಲರು ಕಡತವನ್ನೇ ತಂದಿರಲಿಲ್ಲ. ಅವರೇ ಎದ್ದು ತಾರೀಖು ಕೇಳಿದರು! ನ್ಯಾಯಾಧೀಶರು ದೇವಕಮ್ಮನತ್ತ ತಿರುಗಿ, "ನಿಮ್ಮ ಅಭ್ಯಂತರ ಏನಾದರೂ ಇದೆಯಾ?" ಎಂದರು. ಬಾಯಿ ಬಿಟ್ಟು ಕೇಳುವ ಮುಜುಗರವೂ ಇಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಹಿಂದಿನ ಬೆಂಚಿನಿಂದ ಅಂಬ್ರಪ್ಪ ಸುಮ್ಮನಿರೆಂದು ಕೈಸನ್ನೆ ಮಾಡಿದ. ಅವನ ಪಕ್ಕದ ರೈತರು ಅವಳ ಬಾಯನ್ನೇ ನೋಡುತ್ತ ಕೂತಿದ್ದರು.

"ಇದೆ ಸ್ವಾಮಿ," ಎಂದಳು ದೇವಕಮ್ಮ. "ಇವತ್ತೇ ಕೇಳಬೇಕು."

ವಾರದೊಳಗೆ ಆದೇಶವಾಯಿತು, ನೀರೂ ಬಂತು. ಲೆಕ್ಕಿಗ ಬಂದಾಗ ಅಂಬ್ರಪ್ಪ ಸಲಿಕೆ ಹಿಡಿದು ಕೆಸರಲ್ಲಿ ನಿಂತಿದ್ದ, ದೇವಕಮ್ಮ ಬದುವಿನ ಮೇಲೆ.

"ಕಾಕಾ, ನೋಡಿದ್ದನ್ನ ಬರದ್ರ ತಂಗಿ ಓದು ನಿಲ್ತದ," ಎಂದ ಲೆಕ್ಕಿಗ. "ಏನ್ ಮಾಡ್ಲಿ?"

ಅಂಬ್ರಪ್ಪನಿಗೆ ಅಳು ಬಂದಿತ್ತು, ನೀರು ಕಂಡ ಖುಷಿಯೂ ಇತ್ತು. ಒಂದನ್ನೂ ಮುಚ್ಚಿಡಲು ಆತನಿಗೆ ಬರುತ್ತಿರಲಿಲ್ಲ. ಬದುವಿನ ಮೇಲಿದ್ದ ಮಗಳನ್ನೇ ನೋಡಿದ.

"ಬರಿಯಪ್ಪಾ, ನೀರಾವರಿ ಅಂತ," ಎಂದ. "ಇಷ್ಟ್ ವರ್ಷ ನಾ ಬರ್ಸಿದ್ದು ಸುಳ್ಳಿತ್ತು. ಅದನ್ನ ಖರೇ ಮಾಡಿದಾಕಿ ಅಲ್ಲಿ ನಿಂತಾಳ."