ಮಗುಚಿ ಹಾಕಿದ ಟೈರು

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಮಾತುಗಳೂ ಅಷ್ಟಕ್ಕಷ್ಟೆ. ಕ್ಷಮಿಸಿ. ಶಾಲೆ ಬಿಟ್ಟು ಅಪ್ಪನ ಟೈರಿನಂಗಡಿಗೆ ಸೇರಿದ ಮೇಲೆ ಕೈಗೆ ಪೆನ್ನಿಗಿಂತ ಸ್ಪ್ಯಾನರೇ ಹೆಚ್ಚು ರೂಢಿ. ಆದರೆ ಅತ್ತೆಯ ವಿಷಯ ಹೇಳಲೇಬೇಕು. ಬಾಯಿ ಬಿಟ್ಟರೆ ತೊದಲುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಅವರ ಹಳೇ ಕಾರಿನಲ್ಲೇ ಡ್ರೈವಿಂಗ್ ಕಲಿತು, ಶಾಲೆ ಮಕ್ಕಳ ವ್ಯಾನ್ ಓಡಿಸತೊಡಗಿದರು. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಆದರೆ ಬೆಳಿಗ್ಗೆ ಎಲ್ಲ ಟೈರುಗಳ ಗಾಳಿ ಅಳೆದು ನೋಡದೆ ಒಂದು ಮಗುವನ್ನೂ ಹತ್ತಿಸುತ್ತಿರಲಿಲ್ಲ. ಗೇಜಿನ ಮುಳ್ಳು ಎಲ್ಲಿ ನಿಂತಿದೆ ಎಂದು ಮಕ್ಕಳ ಕೈಲೇ ಓದಿಸುತ್ತಿದ್ದರು. ಅದಕ್ಕೇ ಮಕ್ಕಳು ಅವರನ್ನು ಗಾಳಿ ಅತ್ತೆ ಅನ್ನುತ್ತಿದ್ದವು.

ಮೊನ್ನೆ ವ್ಯಾನಿನ ಮಾಲೀಕರು ಮುಂದಿನ ಚಕ್ರವೊಂದನ್ನು ಬಿಚ್ಚಿಸಿ ತಂದು ನಮ್ಮಂಗಡಿಯಲ್ಲಿ ಕೂತಿದ್ದ ಅತ್ತೆಯ ಮುಂದೆ ಎಸೆದರು. ಟೈರಿನ ಎರಡು ಅಂಚೂ ಬೋಳು, ನಡು ಮಾತ್ರ ಚೆನ್ನಾಗಿತ್ತು. ಗಾಳಿ ಕಡಿಮೆಯಿದ್ದರೆ ಟೈರು ಸವೆಯುವುದು ಹೀಗೇ.

"ಗಾಳಿ ಅತ್ತೆಯಂತೆ! ಹೆಸರಿಗೆ ಮಾತ್ರ," ಅಂದರು. "ಮಕ್ಕಳನ್ನ ಕೂರಿಸ್ಕೊಂಡು ಇಂಥಾ ಟೈರಲ್ಲಿ ಓಡಿಸ್ತೀರಾ? ಸೋಮವಾರದಿಂದ ಬೇರೆ ಡ್ರೈವರ್ ಬರ್ತಾನೆ. ಕೀ ಕೊಡಿ."

"ದಿನಾ ನೋಡ್ತೀನಿ ಸ್ವಾಮಿ. ಮಕ್ಕಳನ್ನೇ ಕೇಳಿ," ಅಂದರು ಅತ್ತೆ.

"ಟೈರು ಸುಳ್ಳು ಹೇಳುತ್ತಾ?"

ಅತ್ತೆ ಕೀಯನ್ನು ಬೆಂಚಿನ ಮೇಲೆ ಕುಕ್ಕಿ ಹೊರಟುಹೋದರು. ಪಕ್ಕದಲ್ಲೇ ಇದ್ದ ಅಪ್ಪ ತಲೆ ತಗ್ಗಿಸಿ ಟ್ಯೂಬಿಗೆ ಪ್ಯಾಚ್ ಹಚ್ಚುತ್ತಿದ್ದರು.

ನಾನು ಆ ಚಕ್ರವನ್ನು ತೊಳೆದು ನೋಡಿದೆ. ಟೈರಿನ ಒಳಮೈಯಲ್ಲಿ, ಅಂದರೆ ವ್ಯಾನಿನ ಅಡಿಗೆ ತಿರುಗಿದ್ದ ಬದಿಯಲ್ಲಿ, ಫುಟ್‌ಪಾತಿಗೆ ಉಜ್ಜಿದ ಗೀರುಗಳಿದ್ದವು. ಒಳಗಿರುವ ಮೈ ಫುಟ್‌ಪಾತಿಗೆ ತಾಗುವುದು ಹೇಗೆ? ತಕ್ಷಣ ಹೊಳೆಯಿತು. ನಮ್ಮಂಗಡಿಯಲ್ಲಿ ಟೈರಿನ ಹೊರ ಅಂಚು ಸವೆದು ಬಂದರೆ ಅಪ್ಪ ಅದನ್ನು ರಿಮ್ಮಿನಿಂದ ಬಿಚ್ಚಿ ಮಗುಚಿ ಹಾಕುತ್ತಾರೆ. ಸವೆದದ್ದು ಒಳಗೆ ಹೋಗಿ, ಚೆಂದದ್ದು ಹೊರಗೆ ಕಾಣುತ್ತದೆ. ಗಿರಾಕಿಗೆ ಖುಷಿ. ಆದರೆ ಚಕ್ರ ಸೊಟ್ಟ ನಿಂತಿದ್ದರೆ ಹೊರಗೆ ಬಂದ ಆ ಚೆಂದದ ಅಂಚೂ ಮೊದಲಿನದರ ಹಾಗೇ ಸವೆಯುತ್ತದೆ. ಎರಡೂ ಅಂಚು ಬೋಳಾದದ್ದನ್ನು ನೋಡಿದವರು ಗಾಳಿಯ ಮೇಲೆ ತಪ್ಪು ಹೊರಿಸುತ್ತಾರೆ. ಟೈರಿನ ಮೇಲೆ ಅಂಗೈ ಆಡಿಸಿದೆ. ಒಂದು ಕಡೆಗೆ ಸವರಿದರೆ ನಯ, ವಾಪಸು ಸವರಿದರೆ ಗರಗಸ. ಅದು ಗಾಳಿಯ ತಪ್ಪಲ್ಲ, ಚಕ್ರ ಸೊಟ್ಟಗಿರುವ ಗುರುತು.

ಅತ್ತೆಯನ್ನು ಕರೆತಂದು ತೋರಿಸಿದೆ. ಅವರು ಅಪ್ಪನ ಮೇಲೆ ಎಗರಿದರು.

"ಲೋ, ಇದನ್ನ ಮಗುಚಿದ್ದು ನೀನೇನಾ?"

"ಇನ್ನೂ ಸ್ವಲ್ಪ ದಿನ ಬಾಳಿಕೆ ಬರಲಿ ಅಂತ ಅಕ್ಕಾ..."

"ಸ್ಟೀರಿಂಗ್ ಒಂದೇ ಕಡೆಗೆ ಎಳೀತಿದೆ ಅಂತ ಅವತ್ತೇ ಬಡ್ಕೊಂಡೆ. ಚಕ್ರ ತಿರುಗಿಸೋ ರಾಡ್ ಬಗ್ಗಿದೆ, ಅಲೈನ್‌ಮೆಂಟ್ ಮಾಡಿಸಿ ಚಕ್ರ ನೇರ ಮಾಡಿಸು ಅನ್ನೋಕೆ ನಿನ್ನ ಬಾಯಿಗೇನಾಗಿತ್ತು?"

"ಆ ಮೆಷಿನ್ ನಮ್ಮಲ್ಲಿಲ್ವಲ್ಲ. ಎದುರಂಗಡಿಯವನ ಹತ್ರ ಕಳಿಸ್ಬೇಕಿತ್ತಾ?"

"ಕಳಿಸ್ಬೇಕಿತ್ತು! ಅವನ ಮುಂದೆ ನಿನ್ನ ಮೀಸೆ ಮಣ್ಣಾಗಬಾರದು ಅಂತ ನನ್ನ ಕೆಲಸ ತೆಗೆದ್ಯಾ?"

"ಈಗ ಮಾಲೀಕರಿಗೆ ಹೋಗಿ ಹೇಳಿದ್ರೆ ಅಂಗಡಿ ಹೆಸರು ಕೆಡುತ್ತೆ ಅಕ್ಕಾ. ನಾಲ್ಕು ದಿನ ಸುಮ್ನಿರು, ಬೇರೆ ವ್ಯಾನ್ ಹುಡುಕ್ತೀನಿ."

"ನನ್ನ ಹೆಸರು ಬಿಟ್ಟಿ ಬಿದ್ದಿತ್ತೇನೋ? ನಾನಂತೂ ಅವರ ಮನೆ ಬಾಗಿಲಿಗೆ ಹೋಗಿ ಗೋಗರೆಯಲ್ಲ. ಮಾಡಿದವನೇ ಹೇಳ್ಲಿ."

ಅಪ್ಪ ಗ್ರೀಸ್ ಡಬ್ಬಿಯ ಮುಚ್ಚಳ ತೆಗೆಯುತ್ತಾ, ಹಾಕುತ್ತಾ ಕೂತರು. ವ್ಯಾನಿಗೆ ಹೊಸ ಟೈರು ಹಾಕಿದ್ದಾರಂತೆ. ಬಗ್ಗಿದ ರಾಡ್ ಬದಲಾಯಿಸಿ ಚಕ್ರ ನೇರ ಮಾಡದಿದ್ದರೆ ಅದನ್ನೂ ತಿಂದುಹಾಕುತ್ತದೆ. ಒಳಗೆ ಕೂರುವುದು ಅದೇ ಮಕ್ಕಳು. ಅಪ್ಪನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಾರಲ್ಲ, ಅದನ್ನೇ ನನ್ನಿಂದ ಸಹಿಸಲಾಗುತ್ತಿಲ್ಲ.

ನಾಳೆ ಸೋಮವಾರ. ಹೊಸ ಡ್ರೈವರಿಗೆ ಕೀ ಕೊಡುವ ಮೊದಲೇ ಈ ಚಕ್ರವನ್ನು ಮಾಲೀಕರ ಮನೆಯವರೆಗೆ ಉರುಳಿಸಿಕೊಂಡು ಹೋಗುತ್ತೇನೆ. ಒಳಮೈಯ ಗೀರುಗಳನ್ನು ತೋರಿಸಿ, ಮಗುಚಿದ್ದು ನಮ್ಮಪ್ಪ ಎಂದು ಹೇಳುತ್ತೇನೆ. ತೊದಲಿದರೆ ಈ ಹಾಳೆಗಳನ್ನೇ ಅವರ ಕೈಗೆ ಕೊಡುತ್ತೇನೆ.